ಎರಡು ರಾತ್ರಿ, ಮೂರು ಹಗಲು: ಮೊದಲ ಸಲ ಮುಂಬೈಗೆ ಬರುವವರಿಗೆ

ಪ್ರಶ್ನೆ: ನಾನು ರಾಣೆಬೆನ್ನೂರಿನ ಒಂದು ಶಾಲೆಯಲ್ಲಿ ಶಿಕ್ಷಕಿ. ಜನವರಿಯಲ್ಲಿ ಮೊದಲ ಸಲ ಮುಂಬೈ ನೋಡಲು ಬರುತ್ತಿದ್ದೇವೆ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ ಮತ್ತು 68 ವರ್ಷದ ಅತ್ತೆ. ಅತ್ತೆಗೆ ಮಂಡಿ ನೋವು, ಊಟ ಶುದ್ಧ ಸಸ್ಯಾಹಾರ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಶುಕ್ರವಾರ ಬೆಳಗಿನ ಜಾವ ದಾದರ್‌ನಲ್ಲಿ ಇಳಿಯುವುದು, ಭಾನುವಾರ ರಾತ್ರಿ ವಾಪಸ್ ರೈಲು ಹತ್ತುವುದು ಅಂತ ಯೋಚನೆ. ಡೊಂಬಿವಲಿಯಲ್ಲಿ ಯಜಮಾನರ ಚಿಕ್ಕಮ್ಮ ಇದ್ದಾರೆ, ಅಲ್ಲೇ ಉಳಿಯಿರಿ ಅಂತ ಒತ್ತಾಯ ಮಾಡುತ್ತಿದ್ದಾರೆ. ಮಗ ಮೊಬೈಲಿನಲ್ಲಿ ವಿಡಿಯೊ ನೋಡಿ ಉದ್ದದ ಪಟ್ಟಿ ಮಾಡಿದ್ದಾನೆ: ಗೇಟ್‌ವೇ, ಎಲಿಫೆಂಟಾ, ಜುಹು, ಫಿಲ್ಮ್ ಸಿಟಿ, ನಟರ ಮನೆಗಳು, ಲೋನಾವಳ, ಸಾಧ್ಯವಾದರೆ ಶಿರಡಿ ಕೂಡ. ಹೇಗೆ ಹೊಂದಿಸುವುದು?

ಉತ್ತರ: ಮೇಡಂ, ಪಟ್ಟಿ ಆಮೇಲೆ ನೋಡೋಣ. ಮೊದಲು ಡೊಂಬಿವಲಿ ವಿಷಯ ಇತ್ಯರ್ಥ ಆಗಬೇಕು. ನಿಮ್ಮ ಮೂರು ದಿನದ ಹಣೆಬರಹ ನಿಂತಿರುವುದು ಅದರ ಮೇಲೆಯೇ.

ಮುಂಬೈ ಬೆಂಗಳೂರಿನ ಹಾಗೆ ನಾಲ್ಕೂ ದಿಕ್ಕಿಗೆ ಹರಡಿಕೊಂಡ ಊರಲ್ಲ. ದಕ್ಷಿಣದಿಂದ ಉತ್ತರಕ್ಕೆ ಉದ್ದಕ್ಕೆ ಮಲಗಿದ ಊರು. ಅಗಲ ಕಡಿಮೆ, ಉದ್ದ ಜಾಸ್ತಿ. ಮೊದಲ ಸಲ ಬಂದವರು ನೋಡಬೇಕು ಅನ್ನುವ ಹೆಚ್ಚಿನ ಜಾಗಗಳೆಲ್ಲ ದಕ್ಷಿಣದ ತುದಿಯಲ್ಲಿವೆ. ಡೊಂಬಿವಲಿ ಮುಂಬೈ ಮಹಾನಗರಪಾಲಿಕೆಯ ಗಡಿಯನ್ನೂ ದಾಟಿ, ಠಾಣೆ ಜಿಲ್ಲೆಯಲ್ಲಿದೆ. ಅಲ್ಲಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್, ಹಳೆಯ ವಿಟಿ ಸ್ಟೇಷನ್) ರೈಲು ಹಳಿಯ ಮೇಲೆ ಸುಮಾರು 48 ಕಿಲೋಮೀಟರ್. ರಾಣೆಬೆನ್ನೂರಿನಿಂದ ದಾವಣಗೆರೆಗಿಂತ ದೂರ. ಕೆಲವೇ ಸ್ಟೇಷನ್ನುಗಳಲ್ಲಿ ನಿಲ್ಲುವ ಫಾಸ್ಟ್ ಲೋಕಲ್ ರೈಲು ಹಿಡಿದರೂ ಒಂದು ಗಂಟೆಯ ಮೇಲಾಗುತ್ತದೆ. ಅದರ ಮೇಲೆ ಮನೆಯಿಂದ ಸ್ಟೇಷನ್ನಿಗೆ ರಿಕ್ಷಾ, ಪಾದಚಾರಿ ಸೇತುವೆ, ನೂಕುನುಗ್ಗಲು. ಬೆಳಿಗ್ಗೆ ಕೆಲಸಕ್ಕೆ ಹೋಗುವವರೆಲ್ಲ ದಕ್ಷಿಣಕ್ಕೆ ಹೊರಟಿರುತ್ತಾರೆ, ಸಂಜೆ ಎಲ್ಲರೂ ಉತ್ತರಕ್ಕೆ. ನೀವು ಡೊಂಬಿವಲಿಯಲ್ಲಿ ಉಳಿದರೆ ಎರಡು ಹೊತ್ತೂ ಆ ಜನದ ಜೊತೆಗೇ ಹೋಗಬೇಕು. ಮಂಡಿ ನೋವಿನ ಅತ್ತೆಯವರನ್ನು ಕರೆದುಕೊಂಡು ಬೆಳಿಗ್ಗೆ ಎಂಟೂವರೆಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವುದು ಆಗದ ಮಾತು. ಅಲ್ಲಿ ಹುಟ್ಟಿ ಬೆಳೆದವರೇ ಹತ್ತಲಾಗದೆ ಒಂದೆರಡು ಗಾಡಿ ಬಿಡುವುದುಂಟು.

ಹಾಗಂತ ಚಿಕ್ಕಮ್ಮನ ಮನೆಗೆ ಹೋಗದೆ ಬಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೊಂದು ದಾರಿ ಇದೆ. ಹುಬ್ಬಳ್ಳಿ ಕಡೆಗೆ ಪುಣೆಯ ಮೇಲೆ ಹೋಗುವ ರೈಲುಗಳು ಕಲ್ಯಾಣದಲ್ಲಿ ನಿಲ್ಲುತ್ತವೆ. ಕಲ್ಯಾಣ ಡೊಂಬಿವಲಿಯ ಪಕ್ಕದ ಊರು. ಹಾಗಾಗಿ ಶುಕ್ರವಾರ, ಶನಿವಾರ ಎರಡು ರಾತ್ರಿ ದಕ್ಷಿಣ ಮುಂಬೈಯಲ್ಲಿ ಹೋಟೆಲ್ ಮಾಡಿ. ಭಾನುವಾರ ಮಧ್ಯಾಹ್ನದ ಊಟಕ್ಕೆ ಚಿಕ್ಕಮ್ಮನ ಮನೆಗೆ ಹೋಗಿ, ಸಂಜೆಯವರೆಗೆ ಆರಾಮಾಗಿ ಹರಟೆ ಹೊಡೆದು, ರಾತ್ರಿ ಕಲ್ಯಾಣದಲ್ಲೇ ರೈಲು ಹತ್ತಿ. ವಾಪಸ್ ಟಿಕೆಟ್ಟನ್ನು ದಾದರ್‌ನಿಂದ ತೆಗೆಯದೆ ಕಲ್ಯಾಣದಿಂದಲೇ ತೆಗೆಯಿರಿ. ಅವರಿಗೂ ಭಾನುವಾರ ರಜೆ, ಮನೆಮಂದಿ ಎಲ್ಲ ಸಿಗುತ್ತಾರೆ. ವಾರದ ದಿನ ಅವರ ಮನೆಯಲ್ಲಿದ್ದರೂ ಬೆಳಿಗ್ಗೆ ಏಳಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಬಂದು ಮಲಗುತ್ತಿದ್ದಿರಿ, ಅಲ್ವಾ? ಅದಕ್ಕಿಂತ ಇದೇ ವಾಸಿ.

ಹೋಟೆಲ್ ಎಲ್ಲಿ? ದಾದರ್-ಮಾಟುಂಗಾ ಕಡೆ ಹಲವರು ಹೇಳುತ್ತಾರೆ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನು ಕೂಡುವ ಜಾಗ, ನಮ್ಮ ಕಡೆಯ ಊಟ ಸಿಗುತ್ತದೆ. ಗಂಡ-ಹೆಂಡತಿ ಇಬ್ಬರೇ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ನಿಮಗೆ ಫೋರ್ಟ್ ಅಥವಾ ಸಿಎಸ್‌ಎಂಟಿ ಸುತ್ತಮುತ್ತಲೇ ಸರಿ. ದುಡ್ಡು ಜಾಸ್ತಿ, ರೂಮು ಚಿಕ್ಕದು, ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ ಕಾಣಬಹುದು. ಆದರೂ ಮಧ್ಯಾಹ್ನ ಅತ್ತೆಯವರು ರೂಮಿಗೆ ಹೋಗಿ ಒಂದೆರಡು ತಾಸು ಕಾಲು ಚಾಚಿ ಮಲಗಬಹುದು. ಆ ಒಂದು ಅನುಕೂಲಕ್ಕೆ ಎಷ್ಟು ಕೊಟ್ಟರೂ ನಷ್ಟವಿಲ್ಲ. ಬುಕ್ ಮಾಡುವಾಗ ಲಿಫ್ಟ್ ಇದೆಯಾ ಅಂತ ಫೋನ್ ಮಾಡಿಯೇ ಕೇಳಿ. ಹಳೆಯ ಕಟ್ಟಡಗಳಲ್ಲಿ ಹೋಟೆಲ್ ಮೂರನೇ ಮಹಡಿಯಲ್ಲಿರುತ್ತದೆ, ಲಿಫ್ಟ್ ಮಾತ್ರ ಇರುವುದಿಲ್ಲ.

ಜನವರಿ ಅಂದಿರಿ, ತಾರೀಖು ಹೇಳಲಿಲ್ಲ. ಜನವರಿಯ ಮೂರನೇ ಭಾನುವಾರ ಮುಂಬೈ ಮ್ಯಾರಥಾನ್ ಇರುತ್ತದೆ. ಬೆಳಗಿನ ಜಾವದಿಂದಲೇ ಸಿಎಸ್‌ಎಂಟಿ, ಮರೀನ್ ಡ್ರೈವ್ ಕಡೆಯ ರಸ್ತೆಗಳು ಬಂದ್, ಹೋಟೆಲ್ ರೇಟು ಮೇಲಕ್ಕೆ. ಆ ವಾರ ಬಿಟ್ಟು ಬನ್ನಿ. ಹವೆಯ ಚಿಂತೆ ಬೇಡ, ಮುಂಬೈಗೆ ವರ್ಷದಲ್ಲಿ ಹಿತವಾದ ಕಾಲ ಅದೇ.

ಇನ್ನು ಪಟ್ಟಿ. ಶಿರಡಿ ಸುಮಾರು 240 ಕಿಲೋಮೀಟರ್, ಅದು ಬೇರೆಯೇ ಪ್ರವಾಸ. ಲೋನಾವಳ ಪುಣೆ ದಾರಿಯ ಘಟ್ಟದ ಊರು, ನಿಮ್ಮ ರೈಲೇ ಆ ಘಟ್ಟ ಹತ್ತಿ ಇಳಿಯುತ್ತದೆ, ಬಿಡಿ. ಫಿಲ್ಮ್ ಸಿಟಿ ಗೋರೆಗಾಂವ್‌ನಲ್ಲಿದೆ, ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ನಟರ ಮನೆ ಅಂದರೆ ಮುಚ್ಚಿದ ಗೇಟು, ಅದರ ಮುಂದೆ ಸೆಲ್ಫಿ ತೆಗೆಯುವ ಜನ. ಜುಹು ಬದಲು ಗಿರ್‌ಗಾಂವ್ ಚೌಪಾಟಿ ನೋಡಿ. ಮರಳು ಅದೇ, ಭೇಲ್‌ಪುರಿ ಅದೇ, ನಿಮ್ಮ ರೂಮಿಗೆ ಹತ್ತಿರ. ಮಗ ಮುಖ ಊದಿಸಿಕೊಳ್ಳಬಹುದು. ಅವನಿಗೆ ದೋಣಿ, ಲೋಕಲ್, ಮೆಟ್ರೊ, ಡಬಲ್ ಡೆಕ್ಕರ್ ಬಸ್ಸು ನಾಲ್ಕೂ ಸಿಗುತ್ತವೆ ಅಂತ ಹೇಳಿ ನೋಡಿ.

ಶುಕ್ರವಾರ ದಾದರ್‌ನಲ್ಲಿ ಇಳಿದಾಗ ಇನ್ನೂ ಸರಿಯಾಗಿ ಬೆಳಕು ಹರಿದಿರುವುದಿಲ್ಲ. ಕೂಲಿಗಳು, ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ಗಡಿಬಿಡಿ ಬೇಡ. ದಾದರ್‌ನಲ್ಲಿ ಆಟೊ ಹುಡುಕಬೇಡಿ, ಸಿಗುವುದಿಲ್ಲ. ಮುಂಬೈಯಲ್ಲಿ ಆಟೊ ಓಡುವುದು ಉಪನಗರಗಳಲ್ಲಿ ಮಾತ್ರ, ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ಇಲ್ಲಿರುವುದು ಕಪ್ಪು-ಹಳದಿ ಟ್ಯಾಕ್ಸಿ, ಇಲ್ಲಿನವರ ಬಾಯಲ್ಲಿ ಕಾಲಿ-ಪೀಲಿ. ಮೀಟರ್ ಹಾಕುತ್ತಾರೆ. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ಕನಿಷ್ಠ ದರ 31 ರೂಪಾಯಿ. ಸ್ಟೇಷನ್ ಬಾಗಿಲಲ್ಲೇ ಬಂದು ಕೈ ಹಿಡಿದು ‘ಐನೂರು ಕೊಡಿ’ ಅನ್ನುವವರನ್ನು ಬಿಟ್ಟು ರಸ್ತೆಗೆ ಬಂದು, ಓಡುವ ಟ್ಯಾಕ್ಸಿಗೆ ಕೈ ತೋರಿಸಿ.

ಸೀದಾ ಹೋಟೆಲ್ಲಿಗೆ ಹೋಗಬೇಡಿ. ಅಷ್ಟು ಬೆಳಿಗ್ಗೆ ರೂಮು ಕೊಡುವುದಿಲ್ಲ. ಬದಲಿಗೆ ಪಕ್ಕದ ಮಾಟುಂಗಾಕ್ಕೆ ಹೋಗಿ ತಿಂಡಿ ತಿನ್ನಿ. ಕಿಂಗ್ಸ್ ಸರ್ಕಲ್ ಹತ್ತಿರದ ಕೆಫೆ ಮದ್ರಾಸ್, ಮಾಟುಂಗಾ ಸ್ಟೇಷನ್ ಕಡೆಯ ರಾಮ್ ಆಶ್ರಯ, ಎರಡೂ ಹಳೆಯವು. ಹೆಸರು ಮದ್ರಾಸ್ ಆದರೂ ಅದನ್ನು ನಡೆಸುವವರು ನಮ್ಮ ಕರಾವಳಿ ಮೂಲದ ಕಾಮತರು. 1942ರಲ್ಲಿ ಶುರುವಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಕೂಡ ಅಲ್ಲೇ ಇದೆ, ಅದು ಬಾಳೆಲೆ ಊಟದ ಜಾಗ. ಗಲ್ಲಾದ ಹತ್ತಿರ ಕನ್ನಡದಲ್ಲಿ ಮಾತಾಡಿಸಿ ನೋಡಿ, ಮುಖ ಅರಳುತ್ತದೆ. ತಂದುಕೊಡುವ ಹುಡುಗರಿಗೆ ಹಿಂದಿಯೇ ಬೇಕಾಗಬಹುದು. ಈ ಬಡಾವಣೆಯಲ್ಲೇ ಮೈಸೂರು ಅಸೋಸಿಯೇಷನ್ ಕಟ್ಟಡ ಇದೆ, 1926ರಿಂದ ಮುಂಬೈ ಕನ್ನಡಿಗರು ನಡೆಸಿಕೊಂಡು ಬಂದ ಸಂಸ್ಥೆ. ಒಂದು ಎಚ್ಚರಿಕೆ: ಊರಿನ ಬೇರೆ ಕಡೆ ‘ಮೈಸೂರು ಮಸಾಲಾ’ ಕೇಳಿದರೆ ಬೀಟ್‌ರೂಟ್, ಕ್ಯಾಪ್ಸಿಕಂ, ಗಡ್ಡೆಗಟ್ಟಲೆ ಬೆಣ್ಣೆ ಹಾಕಿ ಹಿಸುಕಿದ ದೋಸೆ ಬರಬಹುದು. ಮೈಸೂರಿಗೂ ಅದಕ್ಕೂ ಸಂಬಂಧ ಇಲ್ಲ. ಮಗನಿಗೆ ಮಾತ್ರ ಇಷ್ಟ ಆಗಬಹುದು.

ತಿಂಡಿ ಮುಗಿಸಿ ಟ್ಯಾಕ್ಸಿಯಲ್ಲೇ ಫೋರ್ಟ್‌ಗೆ ಹೋಗಿ, ಲಗೇಜ್ ಹೋಟೆಲಿನಲ್ಲಿ ಇಟ್ಟು, ರೂಮು ಸಿಕ್ಕ ಮೇಲೆ ಸ್ನಾನ, ನಿದ್ದೆ. ರೈಲಿನಲ್ಲಿ ರಾತ್ರಿ ಕಳೆದವರು ಆ ಬೆಳಿಗ್ಗೆಯೇ ಊರು ಸುತ್ತಲು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಮನೆಮಂದಿಯಲ್ಲಿ ಜಗಳ ಶುರು. ಮೂರು ಗಂಟೆಗೆ ಹೊರಡಿ, ಸಾಕು.

ಆ ಸಂಜೆಗೆ ಒಂದೇ ಒಂದು ನಡಿಗೆ. ಸಿಎಸ್‌ಎಂಟಿ ಎದುರು ನಿಂತು ಕಟ್ಟಡ ನೋಡಿ. 1878ರಲ್ಲಿ ಕೆಲಸ ಶುರುವಾಗಿ ಹತ್ತು ವರ್ಷ ಹಿಡಿದ ಕಟ್ಟಡ, ವಾಸ್ತುಶಿಲ್ಪಿ ಎಫ್. ಡಬ್ಲ್ಯು. ಸ್ಟೀವನ್ಸ್, 2004ರಿಂದ ವಿಶ್ವ ಪರಂಪರೆಯ ತಾಣ. ಎದುರಿನ ಮಹಾನಗರಪಾಲಿಕೆ ಕಟ್ಟಡವೂ ಅವರದೇ. ಗೋಡೆಯ ಮೇಲೆ ಕಲ್ಲಿನ ಪ್ರಾಣಿ, ಪಕ್ಷಿ ಎಷ್ಟು ಸಿಗುತ್ತವೆ ಅಂತ ಮಗನಿಗೆ ಎಣಿಸಲು ಹೇಳಿ, ನಿಮಗೆ ಅರ್ಧ ಗಂಟೆ ನೆಮ್ಮದಿ. ಅಲ್ಲಿಂದ ಎಸಿ ಡಬಲ್ ಡೆಕ್ಕರ್ ಸಿಕ್ಕರೆ ಮೇಲಿನ ಮುಂದಿನ ಸೀಟು ಹಿಡಿಯಿರಿ, ಇಲ್ಲದಿದ್ದರೆ ಟ್ಯಾಕ್ಸಿಯಲ್ಲಿ ಓವಲ್ ಮೈದಾನಕ್ಕೆ ಬನ್ನಿ.

ಓವಲ್ ಮೈದಾನವನ್ನು ಪ್ರವಾಸಿಗಳು ಯಾಕೋ ಬಿಟ್ಟುಬಿಡುತ್ತಾರೆ. ನನಗೆ ಕೇಳಿದರೆ ಈ ಊರು ಅರ್ಥ ಆಗುವುದು ಅಲ್ಲೇ. ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಲ್ಲಿ. ಸುತ್ತ ಒಂದೇ ಹೊತ್ತಿಗೆ ಎಷ್ಟೋ ಕ್ರಿಕೆಟ್ ಆಟ ನಡೆದಿರುತ್ತದೆ, ಯಾರ ಚೆಂಡು ಯಾರ ಫೀಲ್ಡರ್ ಕೈಗೆ ಬಂತು ಅಂತ ಗೊತ್ತಾಗುವುದಿಲ್ಲ. ಪೂರ್ವಕ್ಕೆ ತಿರುಗಿದರೆ ಹೈಕೋರ್ಟು, ವಿಶ್ವವಿದ್ಯಾಲಯ, ರಾಜಾಬಾಯಿ ಗೋಪುರ, ಎಲ್ಲ 19ನೇ ಶತಮಾನದ ಕಪ್ಪುಗಟ್ಟಿದ ಕಲ್ಲು. ಪಶ್ಚಿಮಕ್ಕೆ ತಿರುಗಿದರೆ 1930ರ ದಶಕದ ಆರ್ಟ್ ಡೆಕೊ ಮನೆಗಳು, ದುಂಡನೆಯ ಬಾಲ್ಕನಿ, ತಿಳಿ ಬಣ್ಣ. ಆ ಮನೆಗಳು ನಿಂತಿರುವುದು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲದ ಮೇಲೆ. ಅದಕ್ಕೂ ಮೊದಲು ಕಡಲು ಈ ಮೈದಾನದ ಅಂಚಿನವರೆಗೂ ಇತ್ತು. ಎರಡೂ ಸಾಲು ಸೇರಿ 2018ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ರಾಜಾಬಾಯಿ ಅನ್ನುವುದು ಗೋಪುರಕ್ಕೆ ದುಡ್ಡು ಕೊಟ್ಟ ವ್ಯಾಪಾರಿ ಪ್ರೇಮಚಂದ್ ರಾಯಚಂದರ ತಾಯಿಯ ಹೆಸರು. ಆಕೆ ಜೈನರು, ಕಣ್ಣು ಕಾಣುತ್ತಿರಲಿಲ್ಲ, ಕತ್ತಲಾಗುವ ಮೊದಲು ಊಟ ಮುಗಿಸಲು ಈ ಗಂಟೆಯ ಸದ್ದು ನೆರವಾಗುತ್ತಿತ್ತು ಅಂತ ಹೇಳುತ್ತಾರೆ. ಈ ಕತೆ ನಿಮ್ಮ ಅತ್ತೆಯವರಿಗೆ ಹಿಡಿಸುತ್ತದೆ.

ಆ ಮನೆಗಳ ಸಾಲು ದಾಟಿ ಚರ್ಚ್‌ಗೇಟ್ ಸ್ಟೇಷನ್ ಬಳಸಿಕೊಂಡು ಹೋದರೆ ಮರೀನ್ ಡ್ರೈವ್. ಅತ್ತೆಯವರಿಗೆ ಅಷ್ಟು ನಡಿಗೆಯೂ ಬೇಡ ಅನ್ನಿಸಿದರೆ ಟ್ಯಾಕ್ಸಿ ಮಾಡಿ. ಕಟ್ಟೆಯ ಮೇಲೆ ಕೂತು ಸೂರ್ಯ ಮುಳುಗುವುದು ನೋಡಿ, ಆಮೇಲೆ ಚೌಪಾಟಿಗೆ ಹೋಗಿ ಭೇಲ್ ತಿಂದು ರೂಮಿಗೆ. ದೀಪ ಹಾಕಿದ ಸಿಎಸ್‌ಎಂಟಿ ಹೋಗುವ ದಾರಿಯಲ್ಲೇ ಕಾಣುತ್ತದೆ.

ಶನಿವಾರ ಎಲಿಫೆಂಟಾ. ಗುಹೆಗಳಿಗೆ ಸೋಮವಾರ ರಜೆ, ಭಾನುವಾರ ವಿಪರೀತ ಜನ. ಹಾಗಾಗಿ ನಿಮಗೆ ಶನಿವಾರವೇ ಸರಿ. ಬೆಳಿಗ್ಗೆ ಒಂಬತ್ತರ ಸುಮಾರಿಗೆ ಗೇಟ್‌ವೇ ಹತ್ತಿರ ಇರಿ. ಗೇಟ್‌ವೇ, ಎದುರಿನ ತಾಜ್ ಎರಡೂ ಅಲ್ಲೇ ನೋಡಿದ ಹಾಗಾಗುತ್ತದೆ, ಅದಕ್ಕೆ ಬೇರೆ ಹೊತ್ತು ಬೇಡ. ಫೋಟೊ ತೆಗೆದು ಕೈಗೆ ಕೊಡುವವರು ಹಿಂದೆ ಬೀಳುತ್ತಾರೆ, ಬೇಡ ಅಂದು ಮುಂದೆ ಹೋಗಿ. ದೋಣಿ ಟಿಕೆಟ್ ಅಲ್ಲಿನ ಕೌಂಟರಿನಲ್ಲೇ ತೆಗೆದುಕೊಳ್ಳಿ, ನಡುವೆ ಬಂದವರ ಕೈಗೆ ದುಡ್ಡು ಕೊಡಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳದೆ ಕೂರಬೇಡಿ. 2024ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಪ್ರವಾಸಿಗಳ ದೋಣಿ ಮುಳುಗಿ ಸಾವುಗಳಾದವು. ಹತ್ತುವ ಮೊದಲೇ ಎಲ್ಲರೂ ಶೌಚಾಲಯಕ್ಕೆ ಹೋಗಿ ಬನ್ನಿ, ದಾರಿ ಸುಮಾರು ಒಂದು ಗಂಟೆ.

ದ್ವೀಪದ ಕಟ್ಟೆಯಿಂದ ಬೆಟ್ಟದ ಬುಡದವರೆಗೆ ಪುಟ್ಟ ರೈಲು ಇದೆ. ಅಲ್ಲಿಂದ ಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಅತ್ತೆಯವರಿಗೆ ಡೋಲಿ ಮಾಡಿ, ಇಬ್ಬರು ಮೂವರನ್ನು ಕೇಳಿ ರೇಟು ಗೊತ್ತು ಮಾಡಿಕೊಂಡು ಆಮೇಲೆ ಕೂರಿಸಿ. ಮಂಗಗಳಿವೆ, ಕೈಯಲ್ಲಿ ಬಿಸ್ಕತ್ತು, ನೀರಿನ ಬಾಟಲಿ ಕಾಣಿಸಬಾರದು.

ಬಿಸಿಲಿನಿಂದ ದೊಡ್ಡ ಗುಹೆಯ ಒಳಗೆ ಕಾಲಿಟ್ಟಾಗ ಮೊದಲು ಏನೂ ಕಾಣುವುದಿಲ್ಲ. ಕಂಬಗಳ ಸಾಲು, ಅದರಾಚೆ ಕತ್ತಲು. ಸುಮ್ನೆ ಎರಡು ನಿಮಿಷ ನಿಂತರೆ ಎದುರಿನ ಗೋಡೆಯಿಂದ ಸದಾಶಿವ ನಿಧಾನಕ್ಕೆ ಹೊರಗೆ ಬರುತ್ತಾನೆ. ಸುಮಾರು 20 ಅಡಿ ಎತ್ತರ. ನಡುವೆ ಕಣ್ಣು ಮುಚ್ಚಿದ ಶಾಂತ ಮುಖ, ನಿಮ್ಮ ಎಡಕ್ಕೆ ಮೀಸೆಯ ಉಗ್ರ ಅಘೋರ, ಬಲಕ್ಕೆ ತಾವರೆ ಹಿಡಿದ ಹೆಣ್ಣಿನ ಹಾಗಿನ ಮುಖ. ಜನ ಫೋಟೊ ತೆಗೆದು ಹತ್ತು ನಿಮಿಷದಲ್ಲಿ ಹೊರಟುಬಿಡುತ್ತಾರೆ. ನೀವು ಕೂತು ನೋಡಿ. ಸುತ್ತಲಿನ ಗಂಗಾಧರ, ಅರ್ಧನಾರೀಶ್ವರ, ನಟರಾಜ ಇವನ್ನೆಲ್ಲ ಬಾದಾಮಿ ನೋಡಿದ ಕಣ್ಣು ಕೂಡಲೇ ಗುರುತು ಹಿಡಿಯುತ್ತದೆ. ನಮಗೂ ಈ ಕಡಲಿಗೂ ಹಳೆಯ ಲೆಕ್ಕ ಒಂದಿದೆ. 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ, ಇಮ್ಮಡಿ ಪುಲಕೇಶಿ ಹಡಗುಗಳ ದಂಡು ಕಟ್ಟಿಕೊಂಡು ಪಶ್ಚಿಮ ಸಮುದ್ರದ ಲಕ್ಷ್ಮಿಯಂತಿದ್ದ ‘ಪುರಿ’ಯನ್ನು ಮುತ್ತಿದ ಅಂತ ಬರೆದಿದ್ದಾನೆ. ಆ ಪುರಿ ಇದೇ ಘಾರಾಪುರಿ, ಅಂದರೆ ಎಲಿಫೆಂಟಾ ದ್ವೀಪ ಅನ್ನುವುದು ಕೆಲವು ಇತಿಹಾಸಕಾರರ ಅಭಿಪ್ರಾಯ. ಬೇರೆ ಜಾಗ ಹೇಳುವವರೂ ಇದ್ದಾರೆ. ನೀವು ಹೇಗೂ ಮೇಷ್ಟ್ರು, ದೋಣಿಯಲ್ಲಿ ಮಗನಿಗೆ ಪಾಠ ಮಾಡಲು ಒಂದು ಗಂಟೆ ಸಿಗುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ ವಾಪಸ್ ಆಗುತ್ತೀರಿ. ಊಟ ಮಾಡಿ ಅತ್ತೆಯವರು ರೂಮಿಗೆ ಹೋಗಲಿ, ಜೊತೆಗೆ ನಿಮ್ಮಲ್ಲೊಬ್ಬರು ಇರಿ. ಇನ್ನೊಬ್ಬರು ಮಗನನ್ನು ಕರೆದುಕೊಂಡು ಗೇಟ್‌ವೇಗೆ ಹತ್ತಿರದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು, ಸಂಜೆ ಆರರವರೆಗೆ ತೆರೆದಿರುತ್ತದೆ. ಯಾರಿಗೂ ಮನಸ್ಸಿಲ್ಲದಿದ್ದರೆ ಕೊಲಾಬಾ ಬೀದಿಯಲ್ಲಿ ಸುತ್ತಾಡಿ, ಮೆಟ್ರೊ ಸಿನಿಮಾ ಹತ್ತಿರದ ಕಯಾನಿಯಂಥ ಇರಾನಿ ಹೋಟೆಲಿನಲ್ಲಿ ಬನ್‌ ಮಸ್ಕಾ, ಚಹಾ ತೆಗೆದುಕೊಳ್ಳಿ. ಅಲ್ಲಿ ಮಾಂಸಾಹಾರವೂ ಇರುತ್ತದೆ, ಅತ್ತೆಯವರನ್ನು ಕರೆದುಕೊಂಡು ಹೋಗುವುದಾದರೆ ಗಮನದಲ್ಲಿರಲಿ.

ಭಾನುವಾರ ಬೆಳಿಗ್ಗೆ ಸಿದ್ಧಿವಿನಾಯಕ. ಇದಕ್ಕೆ ಈಗ ಒಳ್ಳೆಯ ಅನುಕೂಲ ಆಗಿದೆ. 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದ ಮೆಟ್ರೊ 3ನೇ ಮಾರ್ಗ ನೆಲದಡಿಯಲ್ಲಿ ಕಫ್ ಪರೇಡ್‌ನಿಂದ ಆರೆವರೆಗೆ 33.5 ಕಿಲೋಮೀಟರ್ ಓಡುತ್ತದೆ. ಸಿಎಸ್‌ಎಂಟಿ, ಹುತಾತ್ಮ ಚೌಕ, ಸಿದ್ಧಿವಿನಾಯಕ ಮೂರೂ ಕಡೆ ನಿಲ್ದಾಣ ಇದೆ. ಲಿಫ್ಟು, ಎಸ್ಕಲೇಟರು ಇವೆ. ಬೆಳಿಗ್ಗೆ ಮೊದಲ ಗಾಡಿಗಳಲ್ಲೇ ಹೋಗಿ ದರ್ಶನ ಮುಗಿಸಿ ಬಂದು, ತಿಂಡಿ ತಿಂದು ರೂಮು ಖಾಲಿ ಮಾಡಿ.

ಆಮೇಲೆ ಡೊಂಬಿವಲಿಗೆ ಲೋಕಲ್. ನೀವು ಈ ಪ್ರವಾಸದಲ್ಲಿ ಲೋಕಲ್ ಹತ್ತುವುದು ಇದೊಂದೇ ಸಲ, ಅದೂ ಸಿಎಸ್‌ಎಂಟಿಯಿಂದ, ಭಾನುವಾರ, ಜನ ಕಡಿಮೆ ಇರುವ ಹೊತ್ತಿನಲ್ಲಿ. ಗಾಡಿ ಅಲ್ಲಿಂದಲೇ ಹೊರಡುವುದರಿಂದ ಲಗೇಜಿದ್ದರೂ ಸೀಟು ಸಿಗುತ್ತದೆ. ಆದರೆ ಭಾನುವಾರ ಅಂದರೆ ಮೆಗಾ ಬ್ಲಾಕ್. ಹಳಿ ದುರಸ್ತಿಗೆ ಬೆಳಿಗ್ಗೆ ಹತ್ತು-ಹನ್ನೊಂದರಿಂದ ಮಧ್ಯಾಹ್ನ ಮೂರು-ನಾಲ್ಕರವರೆಗೆ ಕೆಲವು ಹಳಿಗಳಲ್ಲಿ ಗಾಡಿ ನಿಲ್ಲಿಸಿ, ಬೇರೆ ಹಳಿಗೆ ತಿರುಗಿಸುತ್ತಾರೆ. ಯಾವ ಲೈನಿನಲ್ಲಿ, ಎಲ್ಲಿಂದ ಎಲ್ಲಿಗೆ ಅನ್ನುವುದು ಶನಿವಾರವೇ ಸುದ್ದಿಯಲ್ಲಿ ಬರುತ್ತದೆ. ಚಿಕ್ಕಮ್ಮನ ಮನೆಯವರಿಗೆ ಕೇಳಿದರೂ ಹೇಳುತ್ತಾರೆ. ಒಂಬತ್ತೂವರೆ ಒಳಗೆ ಹತ್ತಿಬಿಟ್ಟರೆ ಚಿಂತೆ ಇಲ್ಲ.

ಟಿಕೆಟ್ ಕೌಂಟರಿನಲ್ಲೂ ಸಿಗುತ್ತದೆ, ರೈಲ್‌ಒನ್ ಆ್ಯಪಿನಲ್ಲೂ ಸಿಗುತ್ತದೆ. ಇಂಡಿಕೇಟರಿನಲ್ಲಿ ಕಲ್ಯಾಣ ಅಥವಾ ಅದರಾಚೆಗೆ ಹೋಗುವ ಫಾಸ್ಟ್ ಗಾಡಿ ನೋಡಿ. ಎಸಿ ಲೋಕಲ್‌ಗೆ ಬೇರೆ ಟಿಕೆಟ್, ಸಾದಾ ಟಿಕೆಟ್ ಹಿಡಿದು ಅದಕ್ಕೆ ಹತ್ತಬೇಡಿ. ಬಾಗಿಲು, ಕಿಟಕಿ ಹತ್ತಿರ ಮೊಬೈಲ್ ಹೊರಗೆ ಚಾಚಬಾರದು ಅಂತ ಮಗನಿಗೆ ಮೊದಲೇ ಹೇಳಿ. ಡೊಂಬಿವಲಿಯಲ್ಲಿ ಗಾಡಿ ಅರ್ಧ ನಿಮಿಷ ನಿಂತರೆ ಹೆಚ್ಚು. ಠಾಣೆ ದಾಟಿದ ಕೂಡಲೇ ಎದ್ದು ಬಾಗಿಲ ಕಡೆ ಸರಿಯಿರಿ. ಮುಂದೆ ನಿಂತವರನ್ನು ‘ಡೊಂಬಿವಲಿ ಉತರ್ನಾ ಹೈ?’ ಅಂತ ಕೇಳಿ. ಅವರೂ ಇಳಿಯುವವರಾದರೆ ಹಿಂದೆ ನಿಲ್ಲಿ, ಇಲ್ಲ ಅಂದರೆ ಅವರೇ ಜಾಗ ಬಿಡುತ್ತಾರೆ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಅಂತಲೂ ಅವರನ್ನೇ ಕೇಳಿ. ಇಲ್ಲಿನ ಜನ ಮಾತು ಕಡಿಮೆ ಆಡಿದರೂ ದಾರಿ ತಪ್ಪಿಸುವುದಿಲ್ಲ.

ಅಂದಹಾಗೆ, 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಹೊರಟಿದ್ದು ಈಗ ಸಿಎಸ್‌ಎಂಟಿ ಇರುವ ಜಾಗದ ಬೋರಿ ಬಂದರ್‌ನಿಂದ, ಹೋಗಿದ್ದು ಠಾಣೆಗೆ. ನೀವು ಹೋಗುವುದೂ ಅದೇ ದಾರಿ.

ಈ ವಾರ ಮಾಡಬೇಕಾದ ಕೆಲಸ ಇಷ್ಟೇ. ರೈಲು ಟಿಕೆಟ್ 60 ದಿನ ಮೊದಲು ಬಿಡುತ್ತಾರೆ, ಹೋಗುವುದು ಬರುವುದು ಎರಡನ್ನೂ ಬಿಟ್ಟ ದಿನವೇ ತೆಗೆಯಿರಿ, ಅತ್ತೆಯವರಿಗೆ ಲೋವರ್ ಬರ್ತ್ ಕೇಳಿ. ನೀವು ಹಿಡಿಯುವ ರೈಲು ದಾದರ್‌ಗೇ ಬರುತ್ತದಾ, ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ ಹೋಗುತ್ತದಾ ಅಂತ ಟಿಕೆಟ್ಟಿನಲ್ಲಿ ನೋಡಿಕೊಳ್ಳಿ. ಕುರ್ಲಾ ಆದರೂ ಮಾಟುಂಗಾ ತಿಂಡಿಗೆ ತೊಂದರೆ ಇಲ್ಲ, ಟ್ಯಾಕ್ಸಿ ಬಾಡಿಗೆ ಸ್ವಲ್ಪ ಜಾಸ್ತಿ ಆಗುತ್ತದೆ. ಆಮೇಲೆ ಹೋಟೆಲ್. ಚಿಕ್ಕಮ್ಮನಿಗೆ ಯಜಮಾನರೇ ಫೋನ್ ಮಾಡಿ ಭಾನುವಾರದ ಊಟಕ್ಕೆ ಬರುತ್ತೇವೆ, ರಾತ್ರಿ ರೈಲಿಗೆ ಬುತ್ತಿಯನ್ನೂ ನೀವೇ ಕಟ್ಟಿಕೊಡಬೇಕು ಅಂತ ಕೇಳಲಿ.